ಹುಲ್ಲು ಎಲ್ಲಿಯದು?

— ಬುಟ್ಟಿ ಗಟ್ಟಿ ಇದೆ ತಂಗಿ. ಆದರೆ ಇದು ಹೆಣೆದದ್ದಲ್ಲ, ಹೊಲಿದದ್ದು. ಹುಲ್ಲನ್ನು ಹಗ್ಗದ ಹಾಗೆ ಸುರುಳಿ ಸುತ್ತಿ, ಒಂದು ಸುತ್ತನ್ನು ಇನ್ನೊಂದಕ್ಕೆ ಎಂಥದೋ ಗರಿಯ ಸೀಳಿನಿಂದ ಕಟ್ಟಿದ್ದಾರೆ. ಹುಲ್ಲು ಎಲ್ಲಿಯದು? ಆ ಊರಿನದೇ?

— ಹುಲ್ಲಿನ ಹೆಸರು ಸ್ವೀಟ್‌ಗ್ರಾಸ್ ಮಾವ. ಕಟ್ಟಿರೋದು ಪಾಲ್ಮೆಟೊ ಅನ್ನೋ ತಾಳೆಯ ಗರಿ. ನಡುವೆ ಕಂದು ಪಟ್ಟಿ ಕಾಣುತ್ತಲ್ಲ, ಅದು ಪೈನ್ ಮರದ ಸೂಜಿ ಎಲೆ. ಚುಚ್ಚಿ ದಾರಿ ಮಾಡೋಕೆ ಅವರ ಹತ್ತಿರ ಇರೋದು ಹಳೇ ಚಮಚ; ಬಟ್ಟಲು ಕತ್ತರಿಸಿ ತೆಗೆದು, ಹಿಡಿಯನ್ನು ಉಜ್ಜಿ ಚಪ್ಪಟೆ ಮಾಡಿಕೊಂಡಿರ್ತಾರೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಪಕ್ಕ ಮೌಂಟ್ ಪ್ಲೆಸೆಂಟ್ ಅಂತ ಊರು. ಅಲ್ಲಿ ಹೆದ್ದಾರಿ 17ರ ಬದಿಗೆ ಇವರ ಮರದ ಗೂಡಂಗಡಿಗಳಿವೆ, 1930ರ ಆಸುಪಾಸಿನಿಂದ. ಹೊಲಿಯೋರು ಹೆಚ್ಚಾಗಿ ಕಪ್ಪು ಹೆಂಗಸರು. ಆ ಕರಾವಳಿಯ ಕಪ್ಪು ಜನಕ್ಕೆ ಗಲ್ಲಾ ಗೀಚಿ ಅಂತ ಹೆಸರು.

— ಹೆದ್ದಾರಿ 17! ನಮ್ಮ ಕುಮಟೆ ರಸ್ತೆಯೂ ಹದಿನೇಳೇ ಆಗಿತ್ತು, ಆಮೇಲೆ ಅರವತ್ತಾರು ಮಾಡಿದರು. ಇರಲಿ, ಎಷ್ಟು ಕೊಟ್ಟೆ ಇದಕ್ಕೆ?

— ಹೇಳೋದಿಲ್ಲ. ಅತ್ತೆ ಒಳಗಿದ್ದಾರೆ, ಕೇಳಿಸಿದರೆ ಇವತ್ತು ನನಗೆ ಊಟ ಇಲ್ಲ.

— ಹಾಗಾದರೆ ಆಮೇಲೆ ಕಿವೀಲಿ ಹೇಳು. ಫೋನಿನಲ್ಲಿ ಏನೋ ಮಕ್ಕಳ ಶಿಬಿರ ಅಂದಿದ್ದೆ. ಜೌಗಿಗೆ ಕರಕೊಂಡು ಹೋಗಿ ಚಿತ್ರ ಬರೆಸೋದು.

— ಹೌದು, ನಾನು ಬರೀ ಸಹಾಯಕ್ಕೆ ಹೋಗ್ತಿದ್ದೆ. ಕಪ್ಪು ಸಮುದಾಯಗಳನ್ನು ತಮ್ಮೂರಿನ ಜೌಗು ನೆಲದ ಜೊತೆ ಕಲೆ ಮತ್ತು ಕಥೆಗಳ ಮೂಲಕ ಮತ್ತೆ ಜೋಡಿಸೋದು, ಅಂತ ಕರಪತ್ರದಲ್ಲಿತ್ತು.

— ಮತ್ತೆ ಜೋಡಿಸಬೇಕಾದರೆ ಮೊದಲು ಯಾರೋ ಕಡಿದಿರಬೇಕಲ್ಲ. ಯಾರು ಕಡಿದದ್ದು ಅಂತಲೂ ಕರಪತ್ರದಲ್ಲಿತ್ತೋ?

— ಇರಲಿಲ್ಲ. ನನಗೂ ಆಗ ಹೊಳೆದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೊಳೆದದ್ದು ಎರಡನೇ ದಿನ. ಮಕ್ಕಳಿಗೆ ಆ ಅಳಿವೆಯ ವೈಮಾನಿಕ ಫೋಟೊ ಕೊಟ್ಟು, ಮನುಷ್ಯರ ಕೈ ಸೋಕದ ಪ್ರಕೃತಿ ಹೀಗಿರುತ್ತೆ ನೋಡಿ, ಇದನ್ನು ನೋಡಿಕೊಂಡು ಬಣ್ಣ ಹಾಕಿ ಅಂದರು. ಬುಟ್ಟಿ ಕಲಿಸೋಕೆ ಬಂದಿದ್ದ ಅಜ್ಜಿಯೊಬ್ಬರು ಮೂಲೆಯಲ್ಲಿ ಕೂತು ಹುಲ್ಲು ಆರಿಸ್ತಾ ಇದ್ದರು. ಒಂದು ಹುಡುಗಿಯ ಹಾಳೆ ತಗೊಂಡು, ಹುಲ್ಲಿನ ನಡುವೆ ಕಾಣೋ ಒಂದು ಗೆರೆ ಮೇಲೆ ಬೆರಳಿಟ್ಟು ಕೇಳಿದರು: ಇದು ಯಾಕೆ ಇಷ್ಟು ನೆಟ್ಟಗಿದೆ?

— ಆಹಾ.

— ಆಮೇಲೆ ನೋಡಿದರೆ ಒಂದಲ್ಲ ಮಾವ, ಎಲ್ಲೆಲ್ಲೂ ನೆಟ್ಟಗಿನ ಗೆರೆಗಳು. ಚೌಕ ಚೌಕ. ನಮ್ಮ ಗದ್ದೆ ಬಯಲನ್ನು ಗುಡ್ಡದ ಮೇಲಿಂದ ನೋಡಿದ ಹಾಗೆ. ಅಜ್ಜಿ ಉತ್ತರ ಹೇಳಲಿಲ್ಲ. ಮಕ್ಕಳು ರಸ್ತೆ ಅಂದವು, ಪೈಪು ಅಂದವು. ಒಂದು ಹುಡುಗ, ಇಲ್ಲೇನೋ ಹೊಲ ಇತ್ತು ಅಂದ. ಅವನಿಗೆ ಅಜ್ಜಿ ಒಂದು ಹಿಡಿ ಹುಲ್ಲು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡರು.

— ಹೊಲವಲ್ಲ, ಗದ್ದೆ. ಭತ್ತದ ಗದ್ದೆ. ಸರಿಯೋ?

— ಸರಿ. ಹದಿನೇಳನೇ ಶತಮಾನದ ಕೊನೆಯಿಂದ ಅಲ್ಲಿ ಭತ್ತ. ಹದಿನೆಂಟನೇ ಶತಮಾನದ ನಡುವಿನಿಂದ ಅದು ನದಿ ಅಳಿವೆಗಳಿಗೆ ಇಳೀತು. ನದಿಯಂಚಿನ ಸೈಪ್ರೆಸ್ ಮರಗಳ ಕಾಡು ಜೌಗನ್ನು ಕಡಿದು, ಬೇರು ಕಿತ್ತು, ಮೈಲಿಗಟ್ಟಲೆ ಒಡ್ಡು ಕಟ್ಟಿ, ಕಾಲುವೆ ತೋಡಿದರು. ಗುದ್ದಲಿ, ಸಲಿಕೆ, ಬುಟ್ಟಿ ಬಿಟ್ಟರೆ ಬೇರೆ ಏನೂ ಇಲ್ಲ. ಮಾಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು.

— ನೀರು ಹಾಯಿಸೋದು ಹೇಗೆ? ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರೋದಿಲ್ಲವೋ?

— ಅಲ್ಲೇ ಇರೋದು ಅದರ ಜಾಣತನ. ಸಮುದ್ರಕ್ಕೆ ತೀರಾ ಹತ್ತಿರ ಇದ್ದರೆ ಉಪ್ಪು, ತೀರಾ ಮೇಲಿದ್ದರೆ ಉಬ್ಬರ ತಲುಪಲ್ಲ. ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಸಮುದ್ರದ ಉಬ್ಬರ ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳಿ ಮೇಲಕ್ಕೆ ಎತ್ತುತ್ತೆ. ಆ ಹೊತ್ತಿಗೆ ಒಡ್ಡಿನ ಬಾಗಿಲು ತೆಗೆದರೆ ಗದ್ದೆಗೆ ಸಿಹಿನೀರು. ಇಳಿತದಲ್ಲಿ ತೆಗೆದರೆ ನೀರು ಹೊರಗೆ. ಆ ಬಾಗಿಲಿಗೆ ಟ್ರಂಕ್ ಅಂತಾರೆ. ಮೊದಮೊದಲು ಟೊಳ್ಳು ಮಾಡಿದ ಮರದ ದಿಮ್ಮಿಯನ್ನೇ ಒಡ್ಡಿನಡಿ ಹೂತು ಬೆಣೆ ಹಾಕ್ತಿದ್ದರಂತೆ, ಹಾಗಾಗಿ ಆ ಹೆಸರು. ಆಮೇಲೆ ಹಲಗೆಯ ಬಾಗಿಲು ಬಂದರೂ ಹೆಸರು ಬದಲಾಗಲಿಲ್ಲ. ಅದನ್ನು ಕಾಯೋಕೆ ಒಬ್ಬ ಆಳು, ಟ್ರಂಕ್ ಮೈಂಡರ್. ತಿಥಿ, ಗಾಳಿ, ನದಿಯ ರುಚಿ ಎಲ್ಲ ಅವನಿಗೆ ಗೊತ್ತಿರಬೇಕು. ಒಂದು ಸಲ ಉಪ್ಪು ಒಳಬಂದರೆ ಬೆಳೆ ಹೋಯಿತು.

— ನಮ್ಮ ಗಜನಿ ಗದ್ದೆಯ ಹಾಗೇ ಅಂದುಕೊಂಡೆ, ಆದರೆ ಲೆಕ್ಕ ತಿರುವುಮುರುವು. ನಮ್ಮ ಮಾಣಿಕಟ್ಟೆ ಕಡೆ ನೆಲವೇ ಉಪ್ಪು. ಮಳೆಗಾಲದಲ್ಲಿ ಮಳೆನೀರು ಆ ಉಪ್ಪನ್ನು ತೊಳೆಯಬೇಕು, ಆಗ ಬಿತ್ತನೆ. ಅದೂ ಎಂಥ ಭತ್ತ, ಕಗ್ಗ. ನಾಲ್ಕು ದಿನ ಉಪ್ಪುನೀರು ನಿಂತರೂ ಜಪ್ಪಯ್ಯ ಅನ್ನೋದಿಲ್ಲ. ಆದರೂ ಬಾಗಿಲು ಕಾಯೋದು ಒಂದೇ. ನನ್ನ ಅಪ್ಪ ರಾತ್ರಿ ಎದ್ದು ಲಾಟೀನು ಹಿಡಿದು ಹೋಗೋರು, ಹಲಗೆ ಇಳಿಸೋಕೆ.

— ನಾನು ಅಲ್ಲಿ ಒಬ್ಬರಿಗೆ ಇದನ್ನೇ ಹೇಳಿದೆ, ನಮ್ಮಲ್ಲೂ ಇಂಥದೇ ಇದೆ ಅಂತ. ನಗುತ್ತಲೇ ಕೇಳಿದರು, ನಿಮ್ಮ ಅಜ್ಜ ಬಾಗಿಲು ತೆರೆಯೋದು ತಡ ಮಾಡಿದ್ದರೆ ಅವರನ್ನು ಯಾರು ಹೊಡೀತಿದ್ದರು?

— ಹ್ಞಾ. ಕೇಳಲೇಬೇಕಾದ್ದೇ. ಹೋಲಿಕೆ ಅಲ್ಲಿಗೆ ನಿಲ್ಲಿಸೋಣ. ಆ ವಿದ್ಯೆ ಅವರಿಗೆ ಕಲಿಸಿದ್ದು ಯಾರು, ಒಡೆಯರೋ?

— ಅದೇ ಐವತ್ತು ವರ್ಷದ ಜಗಳ. ಬಹಳ ಕಾಲ ಪುಸ್ತಕಗಳಲ್ಲಿ ಬುದ್ಧಿ ಒಡೆಯನದು, ಮೈ ಆಳಿನದು ಅಂತಲೇ ಇತ್ತು. ಪೀಟರ್ ವುಡ್ 1974ರಲ್ಲಿ ಪ್ರಶ್ನೆ ಎತ್ತಿದರು: ಭತ್ತದ ಗದ್ದೆಯನ್ನೇ ಕಾಣದ ಇಂಗ್ಲಿಷರಿಗೆ ಇದು ಬಂದದ್ದಾದರೂ ಎಲ್ಲಿಂದ? ಸೆನೆಗಾಂಬಿಯಾದಿಂದ ಸಿಯೆರಾ ಲಿಯೋನ್‌ವರೆಗಿನ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮ್ಯಾಂಗ್ರೋವ್ ಜೌಗಿಗೆ ಒಡ್ಡು ಕಟ್ಟಿ ಭತ್ತ ಬೆಳೆಯೋದು ಹಳೇ ಕಸುಬು. ಜುಡಿತ್ ಕಾರ್ನೀ 2001ರಲ್ಲಿ ಇಡೀ ಪುಸ್ತಕ ಬರೆದು, ಬೀಜ ಮಾತ್ರ ಅಲ್ಲ, ಬಿತ್ತೋದು, ಕುಟ್ಟೋದು, ಕೇರೋದು, ಇಡೀ ವಿದ್ಯೆಯೇ ಬಂತು ಅಂದರು. 2007ರಲ್ಲಿ ಬೇರೆ ಇತಿಹಾಸಕಾರರು ಗುಲಾಮರನ್ನು ತಂದ ಹಡಗುಗಳ ಲೆಕ್ಕ ಮುಂದಿಟ್ಟು, ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಅಂದರು. ಜಗಳ ಮುಗಿದಿಲ್ಲ. ಆದರೆ ಮಾವ, ಹೆಂಗಸರು ಬರಿಗಾಲಿನ ಹಿಮ್ಮಡಿಯಿಂದ ಮಣ್ಣು ಒತ್ತಿ ಭತ್ತ ಊರೋದು, ಒರಳಿಗೆ ಹಾಕಿ ಒನಕೆಯಿಂದ ಕುಟ್ಟೋದು, ಅಗಲ ಮೊರದಲ್ಲಿ ತೂರೋದು, ಇದನ್ನೆಲ್ಲ ಯಾವ ಇಂಗ್ಲಿಷ್ ದೊರೆ ಕಲಿಸಿದ? ಈ ನಿಮ್ಮ ಕೈಲಿರೋ ಬುಟ್ಟಿಯ ಅಜ್ಜಿ ಆ ಮೊರವೇ. ಸುರುಳಿ ಅದೇ, ಹೊಲಿಗೆ ಅದೇ. ಗದ್ದೆಗೆ ಬೇಕಾದ ದೊಡ್ಡ ಮೊರವನ್ನು ಗಟ್ಟಿ ಜೊಂಡಿನಿಂದ ಗಂಡಸರೂ ಮಾಡ್ತಿದ್ದರು. ಗದ್ದೆ ಹೋಯಿತು, ಮೊರ ಬುಟ್ಟಿಯಾಯಿತು, ಹೆದ್ದಾರಿಗೆ ಬಂತು.

— ಬುಟ್ಟಿ ಚಂದ ಅಂದೆನಲ್ಲ, ಈಗ ಕೈಲಿ ಹಿಡಿಯೋಕೆ ಸ್ವಲ್ಪ ಭಾರ ಆಯಿತು. ಆ ಗದ್ದೆಗಳಲ್ಲಿ ಜನ ಬದುಕುಳಿದರೋ?

— ಕಡಿಮೆ. ಮಲೇರಿಯಾ, ಭೇದಿ, ಇಡೀ ದಿನ ಸೊಂಟದವರೆಗೆ ಕೊಳೆನೀರು. ಆ ತೋಟಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ದೊಡ್ಡವರಾಗೋರಿಗಿಂತ ಸಾಯೋರೇ ಹೆಚ್ಚು. ಅದಕ್ಕೇ ನನಗೆ ಶಿಬಿರದ ಕರಪತ್ರ ಕಸಿವಿಸಿ ಆಗೋದು. ಜೌಗನ್ನು ಪ್ರೀತಿಸೋಕೆ ಕಲಿಸ್ತೀವಿ ಅಂತಾರೆ. ಯಾವ ಜೌಗು? ಅದೇ ಕೆಸರಲ್ಲಿ ಮುತ್ತಜ್ಜಿಯ ಮಕ್ಕಳನ್ನು ಹೂತಿದ್ದಾರೆ. ಅದೇ ಕೆಸರಲ್ಲಿ ಅವಿತು ಕೂತು ತಪ್ಪಿಸಿಕೊಂಡವರೂ ಇದ್ದಾರೆ. ಒಡೆಯನ ಕುದುರೆ ಬಾರದ ಜಾಗ ಅದೊಂದೇ.

— ತಪ್ಪಿಸಿಕೊಂಡವರ ಕಥೆ ಇದೆಯೋ? ಅಂದರೆ ಹೆಸರು, ತಾರೀಖು ಇರೋ ಕಥೆ. ಮೇಷ್ಟ್ರಾಗಿದ್ದವನಿಗೆ ತಾರೀಖು ಇಲ್ಲದಿದ್ದರೆ ನಿದ್ದೆ ಬರೋದಿಲ್ಲ.

— 1863ರ ಜೂನ್ 2. ಅಂತರ್ಯುದ್ಧದ ನಡುವೆ. ಕಂಬೀ ಅಂತ ನದಿ. ಹ್ಯಾರಿಯೆಟ್ ಟಬ್‌ಮನ್ ಹೆಸರು ನೀವು ಪಾಠದಲ್ಲಿ ಹೇಳಿರ್ತೀರಿ. ಆಕೆ ಹುಟ್ಟಿದ್ದು ಮೇರಿಲ್ಯಾಂಡಿನ ಜೌಗಿನಲ್ಲಿ. ಪುಟ್ಟ ಹುಡುಗಿಯಾಗಿದ್ದಾಗಲೇ, ಒಡೆಯನಿಂದ ಅವಳನ್ನು ಬಾಡಿಗೆಗೆ ಪಡೆದವನು ಚಳಿಗಾಲದ ನೀರಿಗೆ ಇಳಿಸಿ, ಮಸ್ಕ್‌ರ‍್ಯಾಟ್ ಅನ್ನೋ ನೀರಿಲಿಗಳಿಗೆ ಹಾಕಿದ ಬೋನು ನೋಡಿಬರೋಕೆ ಕಳಿಸ್ತಿದ್ದ. ಅಂಥ ಹೆಂಗಸು ಉತ್ತರದ ಸೈನ್ಯದ ಬೇಹುಗಾರ್ತಿಯಾಗಿ ಕಂಬೀ ನದಿಗೆ ಬಂದಳು. ನೀರಲ್ಲಿ ಸಿಡಿಗುಂಡು ಎಲ್ಲೆಲ್ಲಿ ಇಟ್ಟಿದ್ದಾರೆ ಅಂತ ಅಲ್ಲಿನ ಕಪ್ಪು ಜನರೇ ಹೇಳಿಕೊಟ್ಟರು. ಬೆಳಿಗ್ಗೆ ಆಳುಗಳು ಗದ್ದೆಯಲ್ಲಿರುವಾಗ ಹಡಗು ಬಂತು. 750ರಷ್ಟು ಜನ ಗದ್ದೆಯ ಒಡ್ಡಿನ ಮೇಲೆ ಓಡಿ ಹಡಗು ಹತ್ತಿದರು. ಒಲೆಯಿಂದ ಇಳಿಸಿದ ಅನ್ನದ ಪಾತ್ರೆ ಇನ್ನೂ ಹೊಗೆಯಾಡ್ತಿರುವಾಗಲೇ ತಲೆ ಮೇಲೆ ಹೊತ್ತು ಓಡಿಬಂದ ಹೆಂಗಸೊಬ್ಬಳನ್ನು ಟಬ್‌ಮನ್ ಆಮೇಲೆ ನೆನಪು ಮಾಡಿಕೊಂಡಿದ್ದಾಳೆ. ಸೈನಿಕರು ಒಡೆಯರ ಮನೆಗೆ ಬೆಂಕಿ ಇಟ್ಟು, ಗದ್ದೆಯ ಬಾಗಿಲು ಒಡೆದು ನೀರು ನುಗ್ಗಿಸಿದರು.

— ಅನ್ನದ ಪಾತ್ರೆ ಬಿಟ್ಟು ಬರಲಿಲ್ಲ ಪುಣ್ಯಾತ್ಗಿತ್ತಿ. ಇದೆಲ್ಲ ಹೆಸರುಸಮೇತ ದಾಖಲೆ ಇದೆಯೋ, ಇಲ್ಲಾ ಟಬ್‌ಮನ್ ಒಬ್ಬಳ ಹೆಸರೇ?

— ಬಹಳ ಕಾಲ ಅವಳೊಬ್ಬಳದೇ ಇತ್ತು. ಎಡ್ಡಾ ಫೀಲ್ಡ್ಸ್-ಬ್ಲ್ಯಾಕ್ ಅಂತ ಇತಿಹಾಸಕಾರ್ತಿ, ಆ ದಿನದ ದಾಳಿಯಲ್ಲಿ ಭಾಗವಹಿಸಿದವರೊಬ್ಬರ ವಂಶದವರೇ, ಬಿಡುಗಡೆಯಾದವರನ್ನು ಒಬ್ಬೊಬ್ಬರಾಗಿ ಹುಡುಕಿದರು. ಎಲ್ಲಿ ಸಿಕ್ಕಿತು ಗೊತ್ತಾ? ಪಿಂಚಣಿ ಕಡತಗಳಲ್ಲಿ. ಹಡಗು ಹತ್ತಿದ ಗಂಡಸರಲ್ಲಿ ಎಷ್ಟೋ ಜನ ಸೈನ್ಯ ಸೇರಿದರು. ಮುಪ್ಪಿನಲ್ಲಿ ಅವರು, ಅವರ ಹೆಂಡಂದಿರು ಪಿಂಚಣಿಗೆ ಅರ್ಜಿ ಹಾಕುವಾಗ ತಾನು ಯಾರು, ಯಾರ ತೋಟದಲ್ಲಿದ್ದೆ, ಯಾರನ್ನು ಮದುವೆಯಾದೆ, ಸಾಕ್ಷಿ ಯಾರು, ಎಲ್ಲ ಹೇಳಬೇಕಿತ್ತು. ಆ ಹೇಳಿಕೆಗಳಿಂದ ಬರೆದ ಪುಸ್ತಕಕ್ಕೆ 2025ರಲ್ಲಿ ಇತಿಹಾಸದ ಪುಲಿಟ್ಜರ್ ಬಂತು. ಅದಕ್ಕೂ ಮೊದಲು ಅವರೇ ಆ ಗದ್ದೆಗಳಲ್ಲಿ ಸತ್ತವರಿಗಾಗಿ ಒಂದು ಶೋಕಗೀತೆ ಬರೆದಿದ್ದರು. ಜಾನ್ ವೈನ್‌ಗ್ಲಾಸ್ ಅದಕ್ಕೆ ವಾದ್ಯವೃಂದದ ಸಂಗೀತ ಕೂಡಿಸಿದರು.

— ಪಿಂಚಣಿ ಕಡತ! ನನ್ನ ಕಡತ ಮೂರು ಕಚೇರಿ ಸುತ್ತಿತಲ್ಲ, ಅದರಲ್ಲೂ ಒಂದು ಪುಸ್ತಕ ಇದೆ. ಸರಿ, ಗೆದ್ದ ಮೇಲೆ ಆ ನೆಲ ಅವರಿಗೆ ಸಿಕ್ಕಿತೋ?

— ಸಿಕ್ಕಿ ತಪ್ಪಿತು. 1865ರ ಜನವರಿಯಲ್ಲಿ ಸೇನಾನಿ ಶೆರ್ಮನ್ ಆ ಕರಾವಳಿ, ದ್ವೀಪಗಳನ್ನು ಬಿಡುಗಡೆಯಾದವರಿಗೆ ಅಂತ ಆಜ್ಞೆ ಹೊರಡಿಸಿದ. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಅದನ್ನು ತಿರುಗಿಸಿ ಹಳೇ ಒಡೆಯರಿಗೇ ಕೊಟ್ಟ. ಆದರೂ ದ್ವೀಪಗಳಲ್ಲಿ ಜನ ಪೈಸೆ ಪೈಸೆ ಕೂಡಿಸಿ ತುಂಡು ನೆಲ ಕೊಂಡರು. ಏಡಿ, ಸಿಂಪಿ ಹಿಡಿದರು, ಬಲೆ ಹೆಣೆದರು. ಕೂಲಿ ಆಳಿಲ್ಲದೆ, 1893 ಮತ್ತು 1911ರ ಚಂಡಮಾರುತದ ಹೊಡೆತಕ್ಕೆ, ಮಾರುಕಟ್ಟೆಯ ಭತ್ತ ಮುಗೀತು. ಹಳೇ ಗದ್ದೆಗಳನ್ನು ಉತ್ತರದ ಶ್ರೀಮಂತರು ಬಾತುಕೋಳಿ ಬೇಟೆಗೆ ಅಂತ ಕೊಂಡರು. ಆಮೇಲೆ ಅವುಗಳಲ್ಲಿ ಎಷ್ಟೋ ವನ್ಯಜೀವಿ ಧಾಮಗಳಾದವು. ಕಂಬೀ ಹರಿಯೋ ಎ.ಸಿ.ಇ. ಬೇಸಿನ್ ಧಾಮ 1990ರದು. ಅಲ್ಲಿ ಈಗಲೂ ಬಾತುಕೋಳಿಗೆ ನೀರಿನ ಮಟ್ಟ ಸರಿಮಾಡೋದು ಹೇಗೆ ಅಂದುಕೊಂಡಿರಿ? ಅದೇ ಒಡ್ಡು, ಅದೇ ಟ್ರಂಕ್.

— ತಡಿ ತಡಿ. ಗುಲಾಮರು ಕಟ್ಟಿದ ಒಡ್ಡಿನೊಳಗೆ ಸರ್ಕಾರ ಹಕ್ಕಿ ಸಾಕ್ತಾ ಇದೆ. ಅದನ್ನು ಕೈ ಸೋಕದ ಪ್ರಕೃತಿ ಅಂತ ಹೆಸರಿಟ್ಟು, ಆ ಗುಲಾಮರ ಮರಿಮೊಮ್ಮಗಳಿಗೆ ಬಣ್ಣದ ಪೆನ್ಸಿಲ್ ಕೊಟ್ಟು, ಬಾ ಮಗಾ ನಿನ್ನನ್ನು ಇದಕ್ಕೆ ಜೋಡಿಸ್ತೀವಿ ಅಂತಾರೆ. ನಾನು ಸರಿಯಾಗಿ ಅರ್ಥ ಮಾಡಿಕೊಂಡೆನೋ?

— ಸ್ವಲ್ಪ ಖಾರ ಜಾಸ್ತಿ ಆಯಿತು, ಆದರೆ ಅರ್ಥ ಸರಿ. ಎಲ್ಲರೂ ಹಾಗಿಲ್ಲ ಅಂತಲೂ ಹೇಳಬೇಕು. ಇತ್ತೀಚೆಗೆ ಅಲ್ಲಿನ ಕಾಂಗ್ರೆಸ್ಸೇ 2006ರಲ್ಲಿ ಗಲ್ಲಾ ಗೀಚಿ ಪರಂಪರೆಯ ಪಟ್ಟಿ ಅಂತ ಉತ್ತರ ಕೆರೊಲಿನಾದಿಂದ ಫ್ಲೋರಿಡಾವರೆಗೆ ಗುರುತಿಸಿತು. ಅದೇ ವರ್ಷ ದಕ್ಷಿಣ ಕೆರೊಲಿನಾ ಈ ಬುಟ್ಟಿಯನ್ನು ರಾಜ್ಯದ ಕರಕುಶಲ ಅಂತ ಘೋಷಿಸಿತು. ಮೇರಿ ಜಾಕ್ಸನ್ ಅನ್ನೋ ಬುಟ್ಟಿ ಕಲಾವಿದೆಗೆ 2008ರಲ್ಲಿ ಮ್ಯಾಕ್‌ಆರ್ಥರ್ ಗೌರವ. ಮರ್ಯಾದೆಗೆ ಕೊರತೆ ಇಲ್ಲ ಈಗ.

— ಮರ್ಯಾದೆಗೆ ಪಹಣಿ ಇರೋದಿಲ್ಲ ತಂಗಿ. ನಮ್ಮ ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು, ಪೇಪರಿನಲ್ಲಿ ಫೋಟೊ ಬಂತು. ಚಿಪ್ಪು ಆರಿಸೋ ಹೆಂಗಸಿಗೆ ಅದರಿಂದ ಏನಾಯಿತು ಅಂತ ಫೋಟೊ ತೆಗೆದವನು ಕೇಳಲಿಲ್ಲ. ಅಲ್ಲಿ ನೆಲದ ಕಥೆ ಏನಾಯಿತು?

— ಒಂದು ಊರಿನ ಕಥೆ ಹೇಳ್ತೀನಿ, ಅದರಲ್ಲಿ ನೆಲವೂ ಇದೆ, ಹಾಡೂ ಇದೆ. ಜಾರ್ಜಿಯಾ ಕರಾವಳಿಯಲ್ಲಿ ಹ್ಯಾರಿಸ್ ನೆಕ್ ಅಂತ. ಕಪ್ಪು ಕುಟುಂಬಗಳು ಯುದ್ಧದ ನಂತರ ಸ್ವಂತ ನೆಲದಲ್ಲಿ ಸಿಂಪಿ, ಏಡಿ, ಸ್ವಲ್ಪ ಬೇಸಾಯ ಮಾಡಿಕೊಂಡಿದ್ದ ಊರು. 1930ರ ದಶಕದ ಆರಂಭದಲ್ಲಿ ಲೊರೆಂಜೊ ಡೌ ಟರ್ನರ್ ಅಲ್ಲಿಗೆ ಹೋದರು. ಅವರೂ ಕಪ್ಪು ವಿದ್ವಾಂಸರು, ಭಾಷಾಶಾಸ್ತ್ರಜ್ಞರು. ಗಲ್ಲಾ ಮಾತನ್ನು ಎಲ್ಲರೂ ಕೆಟ್ಟ ಇಂಗ್ಲಿಷ್ ಅಂತಿದ್ದ ಕಾಲ. ಅದರಲ್ಲಿ ಆಫ್ರಿಕಾದ ಸಾವಿರಾರು ಪದಗಳಿವೆ ಅಂತ ತೋರಿಸೋಕೆ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಊರೂರು ತಿರುಗ್ತಿದ್ದರು. ಹ್ಯಾರಿಸ್ ನೆಕ್‌ನ ಅಮೇಲಿಯಾ ಡಾಲಿ ಅನ್ನೋ ಹೆಂಗಸು ಒಂದು ಹಾಡು ಹಾಡಿದಳು. ಐದು ಸಾಲು. ಅವಳ ಅಜ್ಜಿಯಿಂದ ಬಂದದ್ದು. ಅರ್ಥ ಅವಳಿಗೂ ಗೊತ್ತಿಲ್ಲ.

— ಅರ್ಥ ಗೊತ್ತಿಲ್ಲದೆ ಐದು ಸಾಲು ತಲೆಮಾರು ದಾಟಿತೋ! ನಮ್ಮ ಮಂತ್ರದ ಹಾಗೆ ಅನ್ನು.

— ಮಂತ್ರಕ್ಕೆ ಗುರು ಇದ್ದಾನೆ, ಪುಸ್ತಕ ಇದೆ. ಇದಕ್ಕೆ ತಾಯಿಯ ಬಾಯಿ ಬಿಟ್ಟರೆ ಏನೂ ಇಲ್ಲ. ಸಿಯೆರಾ ಲಿಯೋನ್‌ನಿಂದ ಓದೋಕೆ ಬಂದಿದ್ದ ವಿದ್ಯಾರ್ಥಿಯೊಬ್ಬ ಧ್ವನಿಮುದ್ರಣ ಕೇಳಿ, ಇದು ನಮ್ಮ ಮೆಂಡೆ ಭಾಷೆ ಅಂದ. ಅಮೆರಿಕದ ಕಪ್ಪು ಮನೆತನವೊಂದು ಉಳಿಸಿಕೊಂಡ ಆಫ್ರಿಕನ್ ಭಾಷೆಯ ಪಠ್ಯಗಳಲ್ಲಿ ಇದಕ್ಕಿಂತ ಉದ್ದದ್ದು ಸಿಕ್ಕಿಲ್ಲ ಅಂತಾರೆ. ಟರ್ನರ್ ಪುಸ್ತಕ 1949ರಲ್ಲಿ ಬಂತು. ನಲವತ್ತು ವರ್ಷದ ಮೇಲೆ ಜೋಸೆಫ್ ಒಪಾಲಾ ಅನ್ನೋ ಮಾನವಶಾಸ್ತ್ರಜ್ಞ, ಸಿಂಥಿಯಾ ಶ್ಮಿಟ್ ಅನ್ನೋ ಸಂಗೀತ ವಿದ್ವಾಂಸೆ, ತಾಜೀಫ್ ಕೊರೋಮಾ ಅನ್ನೋ ಸಿಯೆರಾ ಲಿಯೋನ್‌ನ ಭಾಷಾಶಾಸ್ತ್ರಜ್ಞ, ಈ ಮೂವರು ಆ ಹಾಡು ಹಿಡಿದು ಮೆಂಡೆ ಸೀಮೆಯ ಊರುಗಳಲ್ಲಿ ಹುಡುಕಿದರು. ಸೆನೆಹುನ್ ಎನ್‌ಗೋಲಾ ಅನ್ನೋ ಹಳ್ಳಿಯಲ್ಲಿ ಬೈಂದು ಜಬಾತಿ ಅನ್ನೋ ಹೆಂಗಸು ಕೇಳಿದ ಕೂಡಲೇ ಜೊತೆಗೆ ಹಾಡಿದಳು. ಅದು ಸಾವಿನ ಹಾಡು. ಸತ್ತವರನ್ನು ಬೀಳ್ಕೊಡುವಾಗ ಗೋರಿಯ ಬಳಿ ಹೆಂಗಸರು ಹಾಡ್ತಿದ್ದದ್ದು. ಆ ವಿಧಿಗೆ ಅವರಲ್ಲಿ ಹೊಳೆ ದಾಟೋದು ಅಂತ ಹೆಸರು. ಹಳ್ಳಿಯಲ್ಲಿ ಆ ವಿಧಿ ನಿಂತು ಎಷ್ಟೋ ವರ್ಷವಾಗಿತ್ತು. ಆದರೆ ಅವಳ ಅಜ್ಜಿ ಹೇಳಿದ್ದಳಂತೆ, ಈ ಹಾಡು ಬಿಡಬೇಡ, ಕಳೆದುಹೋದ ನಮ್ಮವರು ಒಂದು ದಿನ ಬಂದರೆ ಇದರಿಂದಲೇ ಗುರುತು ಹಿಡೀಬೇಕು ಅಂತ.

— …

— ಮಾವ?

— ಏನಿಲ್ಲ, ಹೇಳು. ನನ್ನ ಅಮ್ಮನಿಗೂ ಒಂದು ಹಾಡು ಬರ್ತಿತ್ತು, ನಾನು ಬರೆದಿಟ್ಟುಕೊಳ್ಳಲಿಲ್ಲ. ಆಮೇಲೆ?

— ಅಮೇಲಿಯಾ ತೀರಿಕೊಂಡಿದ್ದಳು, ಆದರೆ ಮಗಳು ಮೇರಿ ಮೋರನ್‌ಗೆ ಹಾಡು ನೆನಪಿತ್ತು. ಸಿಯೆರಾ ಲಿಯೋನ್‌ನಲ್ಲಿ ಅಂತರ್ಯುದ್ಧ, ಹಾಗಾಗಿ ತಡವಾಗಿ, 1997ರಲ್ಲಿ ಆಕೆ ಆ ಹಳ್ಳಿಗೆ ಹೋದರು. ಇಬ್ಬರು ಹೆಂಗಸರೂ ಒಟ್ಟಿಗೆ ಹಾಡಿದರು. ಅದರ ಸಾಕ್ಷ್ಯಚಿತ್ರ 1998ರಲ್ಲಿ ಬಂತು. ಕಥೆ ಇಲ್ಲಿಗೆ ನಿಲ್ಲಿಸಿದರೆ ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ಶಿಬಿರದಲ್ಲೂ ಇಷ್ಟನ್ನೇ ಹೇಳಿದರು.

— ನೆಲದ ಕಥೆ ಇನ್ನೂ ಬರಲಿಲ್ಲ.

— ಅದೇ. 1942ರಲ್ಲಿ ಸರ್ಕಾರ ಹ್ಯಾರಿಸ್ ನೆಕ್‌ನ 2,687 ಎಕರೆ ತಗೊಂಡಿತು, ಯುದ್ಧವಿಮಾನದ ಪೈಲಟ್‌ಗಳಿಗೆ ತರಬೇತಿ ಕೊಡೋಕೆ. ಎರಡು ವಾರದ ಗಡುವು ಕೊಟ್ಟು ಜನರನ್ನು ಒಕ್ಕಲೆಬ್ಬಿಸಿದರು, ಮನೆಗಳನ್ನು ಕೆಡವಿದರು, ಸುಟ್ಟರು. ಬಿಳಿಯರಿಗೆ ಕೊಟ್ಟ ದರಕ್ಕಿಂತ ಕಪ್ಪು ಜನರಿಗೆ ಕೊಟ್ಟದ್ದು ಕಡಿಮೆ. ಯುದ್ಧ ಮುಗಿದ ಮೇಲೆ ವಾಪಸ್ ಬರುತ್ತೆ ಅಂತ ಜನ ನಂಬಿದ್ದರು. ಬರಲಿಲ್ಲ. ಮೊದಲು ಕೌಂಟಿಯ ಕೈಗೆ ಹೋಯಿತು, 1962ರಲ್ಲಿ ವನ್ಯಜೀವಿ ಧಾಮ. 1979ರಲ್ಲಿ ಮೊಮ್ಮಕ್ಕಳು ಹೋಗಿ ಅಲ್ಲೇ ಡೇರೆ ಹಾಕಿ ಕೂತರು, ಕೆಲವರು ಜೈಲಿಗೆ ಹೋದರು. ನೆಲ ಬರಲಿಲ್ಲ. ಅಟ್ಲಾಂಟಿಕ್ ಆಚೆಯ ಹಳ್ಳಿ ಆ ಹಾಡನ್ನು ಗುರುತಿಸಿತು. ಹಾಡಿದವಳ ಸ್ವಂತ ಊರಿಗೆ ಮಾತ್ರ ಅವಳ ಮಕ್ಕಳು ಬೆಳಿಗ್ಗೆ ಹೋಗಿ ಕತ್ತಲಾಗೋದರೊಳಗೆ ಹೊರಬರಬೇಕು, ಹಕ್ಕಿ ನೋಡೋಕೆ ಬಂದ ಪ್ರವಾಸಿಗಳ ಹಾಗೆ.

— ಯಾವ ಹಕ್ಕಿ?

— ಕೊಕ್ಕರೆ. ವುಡ್ ಸ್ಟಾರ್ಕ್. ಅಲ್ಲಿನ ಒಂದು ಕೆರೆಯಲ್ಲಿ ನೂರಾರು ಗೂಡು. ನಮ್ಮ ಕೊಕ್ಕರೆಬೆಳ್ಳೂರಿನ ಬಣ್ಣದ ಕೊಕ್ಕರೆಗೂ ಇದಕ್ಕೂ ಒಂದೇ ಕುಲ.

— ಕೊಕ್ಕರೆಬೆಳ್ಳೂರಲ್ಲಿ ಹಕ್ಕಿ ಗೂಡು ಕಟ್ಟೋದು ಮನೆ ಹಿತ್ತಲ ಹುಣಸೆಮರದಲ್ಲಿ. ಹಿಕ್ಕೆ ವಾಸನೆ ಅಂತ ಬೈದುಕೊಂಡೇ ಜನ ಇದ್ದಾರೆ, ಹಕ್ಕಿಯೂ ಇದೆ. ಜನರನ್ನು ಎಬ್ಬಿಸಿದರೆ ಮಾತ್ರ ಕೊಕ್ಕರೆ ಬರುತ್ತೆ ಅನ್ನೋದು ಕೊಕ್ಕರೆ ಹೇಳಿದ ಮಾತಂತೂ ಅಲ್ಲ.

— ಅದೇ ಕರಾವಳಿಯ ಸಪೆಲೋ ದ್ವೀಪದಲ್ಲೂ ಹೀಗೇ. ಉಪ್ಪು ಜೌಗು ಎಷ್ಟು ಫಲವತ್ತು ಅಂತ ಜಗತ್ತಿಗೆ ತೋರಿಸಿದ ದೊಡ್ಡ ಅಧ್ಯಯನಗಳು ಅಲ್ಲೇ ನಡೆದದ್ದು, ಯುಜೀನ್ ಓಡಮ್ ಮತ್ತು ಸಂಗಡಿಗರದು. ಅಲ್ಲಿನ ಸಂಶೋಧನಾ ಕೇಂದ್ರ 1953ರಲ್ಲಿ ಶುರುವಾಯಿತು. ಅದೇ ಕಾಲದಲ್ಲಿ ದ್ವೀಪದ ಬಹುಪಾಲು ಒಡೆತನ ಇದ್ದ ಸಿಗರೇಟು ಶ್ರೀಮಂತ ರೆನಾಲ್ಡ್ಸ್, ಚದುರಿದ್ದ ಕಪ್ಪು ಕೇರಿಗಳನ್ನೆಲ್ಲ ಹಾಗ್ ಹ್ಯಾಮಕ್ ಅನ್ನೋ ಒಂದೇ ಕಡೆಗೆ ಸರಿಸ್ತಿದ್ದ. ಇದನ್ನು ಒಳಗಿನಿಂದ ಬರೆದವರು ಅದೇ ಊರಿನ ಕಾರ್ನೀಲಿಯಾ ವಾಕರ್ ಬೇಯ್ಲಿ. 2000ದಲ್ಲಿ ಪುಸ್ತಕ ಬಂತು, 2017ರಲ್ಲಿ ತೀರಿಕೊಂಡರು.

— ಅಲ್ಲ, ನಾನು ವಕೀಲನ ಹಾಗೆ ಇನ್ನೊಂದು ಬದಿಯಿಂದ ಕೇಳ್ತೀನಿ. ಎಲ್ಲರನ್ನೂ ಹೊರಗಿನವರೇ ಎಬ್ಬಿಸಿದರೋ? ನಮ್ಮೂರಿನ ಹುಡುಗರು ಗಜನಿ ಬಿಟ್ಟು ಬೆಂಗಳೂರಿಗೆ ಹೋದದ್ದು ಯಾರೂ ಅಟ್ಟಿದ್ದಕ್ಕಲ್ಲ. ಕೆಸರು ಬೇಡವಾಯಿತು, ಹೋದರು. ನೀನೂ ಹೋದೆ.

— ಹೋದೆ. ಅಲ್ಲೂ ಲಕ್ಷಾಂತರ ಜನ ತಾವಾಗಿ ಹೋದರು, ಫಿಲಡೆಲ್ಫಿಯಾಕ್ಕೆ, ನ್ಯೂಯಾರ್ಕಿಗೆ. ಬಡತನ, ಭಯ, ಗುಂಪು ಹಿಂಸೆ ಎಲ್ಲ ಇದ್ದದ್ದು ಹೌದು, ಆದರೆ ಹೋಗಬೇಕು ಅನ್ನೋ ಆಸೆಯೂ ಇತ್ತು. ಜೂಲಿ ಡ್ಯಾಶ್ ಅವರ 'ಡಾಟರ್ಸ್ ಆಫ್ ದಿ ಡಸ್ಟ್' ಅನ್ನೋ 1991ರ ಸಿನಿಮಾ ಪೂರ್ತಿ ಇದರ ಬಗ್ಗೆಯೇ. 1902ರಲ್ಲಿ ಒಂದು ಕುಟುಂಬ ದ್ವೀಪ ಬಿಟ್ಟು ಉತ್ತರಕ್ಕೆ ಹೊರಡೋ ಹಿಂದಿನ ದಿನ. ಮುತ್ತಜ್ಜಿ ಬರಲ್ಲ ಅಂತಾಳೆ. ಅಮೆರಿಕದಾದ್ಯಂತ ಚಿತ್ರಮಂದಿರಗಳಿಗೆ ಬಂದ, ಕಪ್ಪು ಮಹಿಳೆ ನಿರ್ದೇಶಿಸಿದ ಮೊದಲ ಕಥಾಚಿತ್ರ ಅದು. ಹೋಗೋರು ಸರಿಯೋ ಇರೋರು ಸರಿಯೋ ಅಂತ ಸಿನಿಮಾ ತೀರ್ಪು ಕೊಡಲ್ಲ, ಅದು ನನಗೆ ಇಷ್ಟ. ಆದರೆ ಮಾವ, ನಾನು ಬಿಟ್ಟುಹೋದ ಊರಿಗೆ ಗೇಟು ಇಲ್ಲ. ಬೇಕೆಂದಾಗ ಬಂದು ಈ ಜಗಲಿಯಲ್ಲಿ ಕೂರ್ತೀನಿ. ಅಲ್ಲಿ ವಾಪಸ್ ಬಂದವರಿಗೆ ಗೇಟು ಸಿಗುತ್ತೆ. ಹಿಲ್ಟನ್ ಹೆಡ್ ದ್ವೀಪಕ್ಕೆ 1956ರಲ್ಲಿ ಸೇತುವೆ ಆಯಿತು, ಹಿಂದೆಯೇ ಗಾಲ್ಫ್ ಮೈದಾನ, ಬೇಲಿ ಹಾಕಿದ ಬಡಾವಣೆ. ಅಜ್ಜನ ಗೋರಿಗೆ ಹೋಗೋಕೆ ಕಾವಲುಗಾರನ ಹತ್ತಿರ ಹೆಸರು ಬರೆಸಬೇಕು. ಮೊದಲಿಂದ ಇದ್ದವರನ್ನು ಗಲ್ಲಾದಲ್ಲಿ ಬಿನ್ಯಾ ಅಂತಾರೆ, ಬಂದು ಸೇರಿದವರನ್ನು ಕಂಯಾ. ಈಗ ಗೇಟಿನ ಬೀಗದ ಕೈ ಇರೋದು ಕಂಯಾ ಹತ್ತಿರ.

— ಮಾರಿದ್ದು ಇವರೇ ಅಲ್ಲವೋ? ಬಲವಂತವಾಗಿ ಹೆಬ್ಬೆಟ್ಟು ಒತ್ತಿಸಿಕೊಂಡರೋ?

— ಅದಕ್ಕೆ ನಿಮಗೆ ಅರ್ಥ ಆಗೋ ಮಾತಲ್ಲೇ ಹೇಳ್ತೀನಿ. ಪೌತಿ ಖಾತೆ ಆಗದ ಜಮೀನು. ಮುತ್ತಜ್ಜ ಉಯಿಲು ಬರೆಯದೆ ಸತ್ತ. ಕೋರ್ಟು ಕಚೇರಿ ಎಲ್ಲ ಬಿಳಿಯರದು, ಹೋಗೋಕೆ ಹೆದರಿಕೆ. ನೆಲ ಎಲ್ಲ ವಾರಸುದಾರರಿಗೂ ಜಂಟಿ. ಮೂರು ತಲೆಮಾರಿಗೆ ಎಂಬತ್ತು ಜನ. ಡೆಟ್ರಾಯಿಟ್‌ನಲ್ಲಿರೋ, ಊರನ್ನೇ ನೋಡದ ಒಬ್ಬನ ಪಾಲನ್ನು ಬಿಲ್ಡರ್ ಕೊಂಡು, ಹಿಸೆ ಮಾಡಿಕೊಡಿ ಅಂತ ಕೋರ್ಟಿಗೆ ಹೋಗ್ತಾನೆ. ಪಾಲು ಮಾಡೋಕಾಗಲ್ಲ ಅಂತ ಕೋರ್ಟು ಇಡೀ ನೆಲವನ್ನೇ ಹರಾಜಿಗೆ ಹಾಕುತ್ತೆ. ಕೂಗೋ ಶಕ್ತಿ ಯಾರಿಗಿದೆ?

— ಸಾಕು, ಅರ್ಥವಾಯಿತು. ಇದಕ್ಕೆ ಚಿತ್ರ, ಕಥೆ, ಹಾಡಿನಿಂದ ಏನಾಗುತ್ತೆ? ಒಬ್ಬ ಒಳ್ಳೇ ಸರ್ವೆಯರ್, ಒಬ್ಬ ಒಳ್ಳೇ ವಕೀಲ ಬೇಕು ಅಷ್ಟೇ.

— ಅವರೂ ಬೇಕು, ಇದ್ದಾರೆ ಕೂಡ. ದಕ್ಷಿಣ ಕೆರೊಲಿನಾದ ಸೇಂಟ್ ಹೆಲೆನಾ ದ್ವೀಪ ಉಳಿದದ್ದು ಕಾನೂನಿನಿಂದಲೇ. 1999ರ ನಿಯಮ, ಅಲ್ಲಿ ಗಾಲ್ಫ್ ಮೈದಾನ ಇಲ್ಲ, ಗೇಟು ಹಾಕಿದ ಬಡಾವಣೆ ಇಲ್ಲ. ಆದರೆ ಆ ನಿಯಮ ಬರೆಯುವಾಗ ಇಲ್ಲಿ ಉಳಿಸೋಕೆ ಏನಿದೆ ಅಂತ ಕೇಳ್ತಾರಲ್ಲ, ಆಗ ತೋರಿಸೋಕೆ ಕಾಗದ ಇರಲ್ಲ. ಕಾಗದ ಬರೀತಿದ್ದವರು ಬೇರೆ. ಇವರ ಹತ್ತಿರ ಇರೋದು ಬುಟ್ಟಿ, ಹಾಡು, ಅಜ್ಜಿ ಹೇಳಿದ ಕಥೆ, ಪಿಂಚಣಿಗೆ ಕೊಟ್ಟ ಹೇಳಿಕೆ. ಜೋನಾಥನ್ ಗ್ರೀನ್ ಅಂತ ಚಿತ್ರಕಾರ, 1955ರಲ್ಲಿ ಗಾರ್ಡನ್ಸ್ ಕಾರ್ನರ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದವರು. ಅವರ ಚಿತ್ರದಲ್ಲಿ ಗಾಳಿಗೆ ಹಾರೋ ಬಿಳಿ ಬಟ್ಟೆ, ಹಿಂದೆ ಹಸಿರು ಜೌಗು, ಹಳದಿ ಸೀರೆಯಷ್ಟು ಜೋರಾದ ಬಿಸಿಲು. ಮೊದಲು ನೋಡಿದಾಗ ಕ್ಯಾಲೆಂಡರ್ ಚಿತ್ರ ಅನಿಸಿತು ನನಗೆ. ದುಃಖ ಎಲ್ಲಿ ಅಂತ. ಆಮೇಲೆ ಅನಿಸಿತು, ಆ ನೆಲದ ಮೇಲೆ ಒಬ್ಬ ಕಪ್ಪು ಹೆಂಗಸು ತನ್ನ ಬಟ್ಟೆ ತಾನು ಒಣಹಾಕಿಕೊಂಡು ನಿಂತಿರೋದನ್ನು ಅಷ್ಟು ದೊಡ್ಡದಾಗಿ ಬರೆದದ್ದೇ ಸಾಕ್ಷಿ. ಇಲ್ಲಿ ಜನ ಇದ್ದರು, ಸುಖವಾಗಿಯೂ ಇದ್ದರು.

— ಸುಖದ ಸಾಕ್ಷಿಯನ್ನು ಕೋರ್ಟು ಒಪ್ಪುತ್ತೋ ಇಲ್ಲವೋ, ನನಗೆ ಒಪ್ಪಿಗೆ. ಹಾಗಾದರೆ ಜೌಗಿನ ಪಾಠ ಬೇಕಾದ್ದು ಆ ಮಕ್ಕಳಿಗಲ್ಲ. ಧಾಮದ ಫಲಕ ಬರೆಯೋರಿಗೆ ಬಣ್ಣದ ಪೆನ್ಸಿಲ್ ಕೊಡಬೇಕಿತ್ತು.

— ಮಕ್ಕಳಿಗೂ ಬೇಕು ಮಾವ. ಎಷ್ಟೋ ಮಕ್ಕಳು ಜೌಗಿನಿಂದ ಎರಡು ಮೈಲಿ ದೂರದಲ್ಲಿದ್ದೂ ದೋಣಿ ಹತ್ತಿಲ್ಲ, ಕೆಸರು ಮುಟ್ಟಿಲ್ಲ. ಆ ಕೆಸರಿಗೆ ಪ್ಲಫ್ ಮಡ್ ಅಂತಾರೆ, ಕೊಳೆತ ಮೊಟ್ಟೆಯ ವಾಸನೆ. ಇಳಿತದಲ್ಲಿ ಅಳಿವೆ ಬದಿ ಬರುತ್ತಲ್ಲ, ಥೇಟ್ ಅದೇ. ನನಗೆ ಮೂಗಿಗೆ ಬಡಿದಾಗ ಈ ಮನೆ ನೆನಪಾಯಿತು. ಮಕ್ಕಳು ಮೂಗು ಮುಚ್ಚಿಕೊಂಡವು. ಕೊನೇ ದಿನ ಆ ಅಜ್ಜಿ ಎಲ್ಲರ ಬೂಟು ಬಿಚ್ಚಿಸಿ, ಹಿಮ್ಮಡಿ ಒತ್ತಿ ಬೀಜ ಊರೋದನ್ನು ಮಾಡಿಸಿದರು. ಸಂಘಟಕರಿಗೆ ವಿಮೆಯ ಚಿಂತೆ. ಒಂದು ಹುಡುಗಿ ಜಾರಿ ಬಿದ್ದಳು, ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಬಿದ್ದರು. ಆ ದಿನದ ಚಿತ್ರಗಳಲ್ಲಿ ನೆಟ್ಟಗಿನ ಗೆರೆಯೂ ಇತ್ತು, ಗೆರೆಯ ಮೇಲೆ ಜನರೂ ಇದ್ದರು.

— ನಮ್ಮ ಗಜನಿಯ ಕಟ್ಟೆಯೂ ನೆಟ್ಟಗಿದೆ. ಅಪ್ಪ ಲಾಟೀನು ಹಿಡಿದು ಹೋದದ್ದನ್ನು ಹೆಮ್ಮೆಯಿಂದ ಹೇಳಿದೆ. ಆ ಕಟ್ಟೆಗೆ ಮಣ್ಣು ಹೊತ್ತವರು ಅಪ್ಪ ಅಲ್ಲ. ಹೊತ್ತವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದೆ.

— ಯಾರ ಮನೆಯಲ್ಲಾದರೂ ಗೊತ್ತಿರಬಹುದು. ನಾಳೆ ಕೇಳಿಕೊಂಡು ಬರೋಣವಾ?

— ಹೋಗೋಣ. ಇಳಿತ ನೋಡಿಕೊಂಡು ಹೋಗಬೇಕು, ಬೆಳಿಗ್ಗೆ ಬೇಗ. ಅಂದ ಹಾಗೆ, ನಾನು ಮೊದಲು ಕೇಳಿದ್ದಕ್ಕೆ ನೀನು ಉತ್ತರ ಕೊಡಲೇ ಇಲ್ಲ. ಈ ಹುಲ್ಲು ಆ ಊರಿನದೇ?

— ಅಲ್ಲ ಮಾವ. ಅವರ ಊರಿನ ಹುಲ್ಲು ಬೆಳೆಯೋದು ದಿಬ್ಬದ ಹಿಂದೆ, ಜೌಗಿನ ಅಂಚಿನಲ್ಲಿ. ಈಗ ಅಲ್ಲಿ ಮನೆಗಳಾಗಿವೆ, ಗೇಟು ಇದೆ. ಇದು ಫ್ಲೋರಿಡಾದಿಂದ ದುಡ್ಡು ಕೊಟ್ಟು ತರಿಸಿದ್ದು.